ಹಾಲಿನವನು ಮೇಯರಾದ ಕಥೆ



ಬೋರಿಬಂದರಿನಿಂದ ಥಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. ಇದನ್ನೆಲ್ಲ ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಆ ಹಳಿಯ ಮೇಲೆ ಬದುಕು ಕಟ್ಟಿಕೊಂಡ ಗುಮಾಸ್ತರ ಕಥೆ, ಗಿರಣಿ ಕೆಲಸಗಾರರ ಕಥೆ, ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಗೆ ಹೋದ ನಮ್ಮ ಹುಡುಗರ ಕಥೆ ಎಲ್ಲವೂ ಕನ್ನಡದಲ್ಲಿ ಬಂದಿವೆ. ಹಾಲಿನ ಕ್ಯಾನುಗಳ ಕಥೆ ಮಾತ್ರ ಅಷ್ಟಾಗಿ ಬಂದಿಲ್ಲ.

ಕಸಾರಾ, ಕರ್ಜತ್ ಕಡೆಯಿಂದ ಬರುವ ಲೋಕಲ್ಲಿನ ಲಗೇಜ್ ಡಬ್ಬಿಯನ್ನು ಒಮ್ಮೆ ಇಣುಕಿ ನೋಡಿ. ತಗ್ಗುಬಿದ್ದ ಅಲ್ಯುಮಿನಿಯಂ ಕ್ಯಾನುಗಳು, ಹಾಲು ತುಳುಕದಿರಲೆಂದು ಬಾಯಿಗೆ ತುರುಕಿದ ಹುಲ್ಲಿನ ಸಿಂಬೆ, ಕ್ಯಾನಿನ ಮೇಲೆಯೇ ಕೂತು ತೂಕಡಿಸುವ ಮನುಷ್ಯ. ಒಂದು ಕಾಲದಲ್ಲಿ ಈ ಕ್ಯಾನುಗಳನ್ನು ಕೊಕ್ಕೆಹಾಕಿ ಕಿಟಕಿಯ ಸರಳಿಗೆ ಹೊರಗಡೆಯಿಂದ ನೇತುಹಾಕುತ್ತಿದ್ದರು. ಬಾಗಿಲಲ್ಲಿ ನಿಂತ ಪ್ರಯಾಣಿಕರಿಗೆ ಅಪಾಯವೆಂದು ರೈಲ್ವೆಯವರು ಅದಕ್ಕೆ ತಡೆ ಹಾಕಿದರು. ಡೊಂಬಿವಲಿಯ ನಮ್ಮ ಅಡುಗೆಮನೆಗೂ ಥಾಣೆಯ ಹೋಟೆಲಿನ ಕಾಫಿಗೂ ಈ ಡಬ್ಬಿಗೂ ಇರುವ ನಂಟು ಕೆನೆಯಷ್ಟೇ ದಪ್ಪ.

ರೈಲಿನಲ್ಲಿ ಹಾಲು ತಂದು ಮಾರಿ ದೊಡ್ಡವನಾಗಿ, ಕಡೆಗೆ ಒಂದು ಪುಟ್ಟ ಊರಿನ ಮೇಯರ್ ಕುರ್ಚಿಯಲ್ಲಿ ಕೂತವನೊಬ್ಬನ ಬದುಕನ್ನು ಇವತ್ತು ಹೇಳಬೇಕೆಂದಿದ್ದೇನೆ. ಆತ ಕಲ್ಯಾಣದವನಲ್ಲ, ಲಂಡನ್ನಿನವನು. ಹೆಸರು ಜಾರ್ಜ್ ಬಾರಮ್. ಅಷ್ಟು ದೂರದವನನ್ನು ಇಲ್ಲಿಗೆ ಏಕೆ ಕರೆತಂದಿರಿ ಎಂದು ಕೇಳಬೇಡಿ. ಆತನ ಲಂಡನ್ನಿಗೂ ನಮ್ಮ ಕಲ್ಯಾಣಕ್ಕೂ ಹಾಲಿನ ವಿಷಯದಲ್ಲಿ ಎಷ್ಟು ಹೋಲಿಕೆ ಇತ್ತೆಂಬುದು ಕೇಳುತ್ತ ಕೇಳುತ್ತ ನಿಮಗೇ ತಿಳಿಯುತ್ತದೆ.

ಬಾರಮ್ ಹುಟ್ಟಿದ್ದು 1836ರಲ್ಲಿ. ತಂದೆ ರಾಬರ್ಟ್ ಲಂಡನ್ನಿನಲ್ಲಿ ಹಾಲಿನ ವ್ಯಾಪಾರಿ. ಆಗ ಲಂಡನ್ನಿನ ಹಾಲು ಲಂಡನ್ನಿನೊಳಗೇ ಕರೆಯುವ ಹಾಲು. ಗಲ್ಲಿಗಳ ಹಿಂದೆ, ಹಿತ್ತಿಲಿನ ಕತ್ತಲೆ ಕೊಟ್ಟಿಗೆಗಳಲ್ಲಿ, ಕೆಲವೆಡೆ ನೆಲಮಾಳಿಗೆಗಳಲ್ಲೂ ಹಸುಗಳನ್ನು ಒತ್ತೊತ್ತಾಗಿ ಕಟ್ಟುತ್ತಿದ್ದರು. ಹುಲ್ಲುಗಾವಲು ಕಾಣದ ಆ ಹಸುಗಳಿಗೆ ಬಿಯರ್ ಕಾರ್ಖಾನೆಯಲ್ಲಿ ಉಳಿದ ಧಾನ್ಯದ ಚರಟವೇ ಮೇವು. ಬತ್ತಿದ ಹಸು ಕಟುಕರ ಪಾಲು, ಅದರ ಜಾಗಕ್ಕೆ ಕರೆಯುವ ಹೊಸ ಹಸು. ಮುಂಬಯಿ, ಥಾಣೆಯ ತಬೇಲಾ ಎಂಬ ಎಮ್ಮೆ ಕೊಟ್ಟಿಗೆಗಳನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹರಿಯಾಣ, ಗುಜರಾತಿನಿಂದ ಲಾರಿಯಲ್ಲಿ ಬರುವ ಮುರ್ರಾ, ಜಾಫರಾಬಾದಿ, ಮೆಹಸಾಣಾ ಎಮ್ಮೆಗಳು ಇಲ್ಲಿಯೂ ಕರೆಯುವಷ್ಟು ದಿನದ ಅತಿಥಿಗಳು. ಕರುವಿನ ಪಾಡಂತೂ ಹೇಳುವಂತಿಲ್ಲ.

ಹಾಲಿಗೆ ನೀರು ಹಾಕುವ ವಿದ್ಯೆಯೂ ಅಲ್ಲಿತ್ತು. ಬೀದಿಯ ಕೈಪಂಪಿಗೆ ಲಂಡನ್ನಿನ ಜನ ‘ಕಬ್ಬಿಣದ ಬಾಲದ ಹಸು’ ಎಂದು ಅಡ್ಡಹೆಸರಿಟ್ಟಿದ್ದರು. ಪಟ್ಟಣದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಲು ಕರೆಯುವ ಹಸು ಅದೇ ಎಂಬುದು ಹಾಸ್ಯ. ನಗುವವರ ಮಕ್ಕಳೇ ಆ ಹಾಲು ಕುಡಿದು ಭೇದಿಯಾಗಿ ಸಾಯುತ್ತಿದ್ದರು ಎಂಬುದು ಹಾಸ್ಯದ ಇನ್ನೊಂದು ಮಗ್ಗುಲು.

1864ರಲ್ಲಿ, ಅಂದರೆ ಕಲ್ಯಾಣಕ್ಕೆ ರೈಲು ಬಂದ ಹತ್ತು ವರ್ಷಕ್ಕೆ, ಬಾರಮ್ ಒಂದು ಕಂಪನಿ ತೆರೆದ. ಹೆಸರು ಎಕ್ಸ್‌ಪ್ರೆಸ್ ಕಂಟ್ರಿ ಮಿಲ್ಕ್ ಸಪ್ಲೈ ಕಂಪನಿ. ವೇಗದ ರೈಲಿನಲ್ಲಿ ಹಳ್ಳಿಯ ಹಾಲು ತರುತ್ತೇನೆಂದು ಹೆಸರಿನಲ್ಲೇ ಸಾರಿಕೊಂಡ. ರೈಲಿನಲ್ಲಿ ಹಾಲು ತಂದವರಲ್ಲಿ ಆತನೇ ಮೊದಲಿಗನೇನಲ್ಲ. ಆದರೆ ಲಂಡನ್ನಿಗರಿಗೆ ರೈಲಿನ ಹಾಲೆಂದರೆ ಅಸಡ್ಡೆ. ಕಣ್ಣೆದುರು ಕರೆದ ಹಾಲೇ ಹಾಲು, ಗಂಟೆಗಟ್ಟಲೆ ಡಬ್ಬಿಯಲ್ಲಿ ಕುಲುಕಿದ್ದು ಹಾಲಲ್ಲ ಎಂಬ ಹಠ. ನಮ್ಮಲ್ಲಿ ಪ್ಯಾಕೆಟ್ ಹಾಲು ಬಂದ ಹೊಸತರಲ್ಲಿ ಹಿರಿಯರು ಮೂಗು ಮುರಿದದ್ದು ಹೀಗೆಯೇ.

ಮರುವರ್ಷ ಎಲ್ಲವೂ ತಲೆಕೆಳಗಾಯಿತು. 1865ರಲ್ಲಿ ಲಂಡನ್ನಿನ ದನದ ಮಾರುಕಟ್ಟೆಯಿಂದ ದೊಡ್ಡರೋಗ ಹಬ್ಬಿತು. ನಮ್ಮ ಅಜ್ಜಂದಿರು ದೊಡ್ಡರೋಗವೆಂದರೆ ನಡುಗುತ್ತಿದ್ದರು. ಊರಿನ ಕೊಟ್ಟಿಗೆಗಳು ಒಂದೇ ವಾರದಲ್ಲಿ ಬರಿದಾಗುತ್ತಿದ್ದವು. ಅದೇ ರೋಗ ಲಂಡನ್ನಿನ ಕತ್ತಲೆ ಕೊಟ್ಟಿಗೆಗಳನ್ನು ಗುಡಿಸಿಹಾಕಿತು. ಗಾಳಿ ಬೆಳಕಿಲ್ಲದ ಕಡೆ ಒತ್ತೊತ್ತಾಗಿ ಕಟ್ಟಿದ ಹಸುಗಳು ಉಳಿಯುವ ಮಾತೆಲ್ಲಿ? ಹಸುಗೂಸುಗಳಿರುವ ಮನೆಗಳಲ್ಲಿ ಹಾಹಾಕಾರವೆದ್ದಿತು. ಬಾರಮ್ ಆಗ ಡರ್ಬಿಶೈರ್‌ವರೆಗೂ ಹೋಗಿ, ನೂರು ಮೈಲಿಗೂ ಆಚೆಯ ರೈತರಿಂದ ಹಾಲು ತರಿಸಿದ. ಹಾಲಿಲ್ಲದ ಊರಿನಲ್ಲಿ ಯಾರ ಹಾಲು ಎಂದು ಯಾರೂ ಕೇಳಲಿಲ್ಲ.

ದೊಡ್ಡರೋಗ ಬಾರಮ್‌ನ ಭಾಗ್ಯ ತೆರೆಯಿತು ಎಂದು ಹೇಳಿ ಮುಗಿಸಿಬಿಡಬಹುದು. ಅದು ಅರ್ಧ ಮಾತು. ಅನಾಹುತದ ಕಾಲದಲ್ಲಿ ದುಡ್ಡು ಮಾಡಿದವರು ಬೇಕಾದಷ್ಟು ಮಂದಿ. ಅನಾಹುತ ಕಳೆದ ಮೇಲೂ ಗಿರಾಕಿ ಬಿಟ್ಟುಹೋಗದಂತೆ ಮಾಡಿದ್ದು ಆತನ ಕಸುಬುದಾರಿಕೆ.

ಹಾಲಿನ ಶತ್ರು ಕಾವು. ಕೆಚ್ಚಲಿನಿಂದ ಬರುವಾಗ ಹಾಲಿನಲ್ಲಿ ಮೈಯ ಬಿಸಿಯೇ ಇರುತ್ತದೆ. ಆ ಬಿಸಿಯಲ್ಲೇ ಕ್ಯಾನಿಗೆ ತುಂಬಿ ಮುಚ್ಚಿದರೆ ನಾಲ್ಕಾರು ಗಂಟೆಯಲ್ಲಿ ಕೆಡುತ್ತದೆ. ಆದ್ದರಿಂದ ರೈಲಿಗೆ ಏರಿಸುವ ಮುಂಚೆ, ಹಳ್ಳಿಯಲ್ಲೇ ತಣಿಸಬೇಕು. ಒಳಗೆ ತಣ್ಣೀರು ಹರಿಯುವ ಸುಕ್ಕುಸುಕ್ಕಾದ ಲೋಹದ ಹಲಗೆಯ ಮೇಲೆ ಹಾಲನ್ನು ತೆಳ್ಳಗೆ ಇಳಿಯಬಿಡುವ ಸಾಧನ ಆ ಕಾಲದಲ್ಲಿ ಬಳಕೆಗೆ ಬಂತು. ಇಂಥ ತಣಿಸುವ ಸಾಧನ, ರೈಲಿನ ಕ್ಯಾನು, ಅಳತೆಯ ಪಾತ್ರೆ, ಇವನ್ನೆಲ್ಲ ಮಾರಲು ಬಾರಮ್ ಡೇರಿ ಸಪ್ಲೈ ಕಂಪನಿ ಎಂಬ ಇನ್ನೊಂದು ಸಂಸ್ಥೆಯನ್ನೇ ಕಟ್ಟಿದ. ತನ್ನ ಎದುರಾಳಿಗಳಿಗೂ ಸಾಮಾನು ಮಾರಿದ. ನನಗೆ ಆತನ ಬುದ್ಧಿಯ ಬಗ್ಗೆ ಗೌರವ ಬಂದದ್ದು ಇಲ್ಲಿ. ಎದುರಾಳಿಯ ಹಾಲು ಕೆಟ್ಟರೆ ಜನ ಎದುರಾಳಿಯನ್ನು ಮಾತ್ರ ಬಯ್ಯುವುದಿಲ್ಲ, ರೈಲಿನ ಹಾಲನ್ನೇ ಬಯ್ಯುತ್ತಾರೆ ಎಂಬುದು ಆತನಿಗೆ ಗೊತ್ತಿದ್ದಿರಬೇಕು. ಆ ಕಂಪನಿಯ 1888ರ ಕಟ್ಟಡ ಬ್ರಿಟಿಷ್ ಮ್ಯೂಸಿಯಂ ಹತ್ತಿರದ ಕಾಪ್ಟಿಕ್ ಬೀದಿಯಲ್ಲಿ ಈಗಲೂ ಇದೆ, ಗೋಡೆಯ ಮೇಲೆ ಕಂಪನಿಯ ಹೆಸರೂ ಇದೆ. ಒಳಗೆ ಪಿಜ್ಜಾ ಹೋಟೆಲು ನಡೆಯುತ್ತಿದೆ. ಹಾಲು ಅಲ್ಲಿ ಚೀಸ್ ಆಗಿದೆ, ಅಷ್ಟೇ.

ಇನ್ನೊಂದು ಕೆಲಸ ಮಾಡಿದ. ಲಂಡನ್ನಿನ ಉತ್ತರಕ್ಕಿರುವ ಫಿಂಚ್ಲಿಯಲ್ಲಿ 1883ರಲ್ಲಿ ಕಾಲೇಜ್ ಫಾರ್ಮ್ ಎಂಬ ಮಾದರಿ ಕೊಟ್ಟಿಗೆ ಕಟ್ಟಿಸಿದ. ವಾಸ್ತುಶಿಲ್ಪಿ ಫ್ರೆಡರಿಕ್ ಚಾನ್ಸೆಲರ್. ಯಾರು ಬೇಕಾದರೂ ಬಂದು ನೋಡಬಹುದಿತ್ತು. ಹಸು ಎಲ್ಲಿ ನಿಲ್ಲುತ್ತದೆ, ಸೆಗಣಿ ಎಲ್ಲಿಗೆ ಹೋಗುತ್ತದೆ, ಕರೆಯುವವನ ಕೈ ತೊಳೆದಿದೆಯೇ ಎಂಬುದನ್ನು ಗಿರಾಕಿ ಕಣ್ಣಾರೆ ಕಾಣಲಿ ಎಂಬುದು ಲೆಕ್ಕ. ಎಕ್ಸ್‌ಪ್ರೆಸ್ ಡೇರಿ ಎಂದು ಹೆಸರಾದ ಆತನ ಹಾಲಿನ ಕಂಪನಿಯ ಚಹಾದಂಗಡಿಗಳೂ ಲಂಡನ್ನಿನ ತುಂಬ ಹರಡಿದವು. ನಮ್ಮ ಹೋಟೆಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಿಕ್ಕಿದ ಹಾಲಿಗೆ ಚಹಾದಷ್ಟು ನಂಬಿಕಸ್ತ ಗಿರಾಕಿ ಬೇರೆ ಇಲ್ಲ.

ಇನ್ನು ರಾಜಕಾರಣ. 1900ರಲ್ಲಿ ಲಂಡನ್ ನಗರಾಡಳಿತವನ್ನು 28 ಬರೋಗಳಾಗಿ ವಿಂಗಡಿಸಿದರು. ಬರೋ ಎಂದರೆ ತನ್ನದೇ ಸಭೆ, ತನ್ನದೇ ಮೇಯರ್ ಇರುವ ಪುಟ್ಟ ನಗರಸಭೆ ಎಂದುಕೊಳ್ಳಿ. ಅವುಗಳಲ್ಲಿ ಒಂದು ಹ್ಯಾಂಪ್‌ಸ್ಟೆಡ್. 1904ರಲ್ಲಿ ಸರ್ ಪದವಿ ಪಡೆದ ಬಾರಮ್ ಆ ದಶಕದಲ್ಲಿಯೇ ಹ್ಯಾಂಪ್‌ಸ್ಟೆಡ್‌ನ ಮೇಯರ್ ಆದ. ವಯಸ್ಸು ಎಪ್ಪತ್ತರ ಆಸುಪಾಸು. ಕೊರಳಲ್ಲಿ ಸರ, ಮೈಮೇಲೆ ನಿಲುವಂಗಿ, ಒಂದು ವರ್ಷದ ಅವಧಿ. 1913ರಲ್ಲಿ ತೀರಿಕೊಂಡ.

ಹಾಲು ಮಾರುವವನಿಗೆ ಇದೆಲ್ಲ ಹೇಗೆ ಒಲಿಯಿತು? ದುಡ್ಡಿತ್ತು, ನಿಜ. ದುಡ್ಡಿದ್ದವರೆಲ್ಲ ಮೇಯರ್ ಆಗುವುದಿಲ್ಲ. ನನಗನಿಸುವುದು ಇಷ್ಟು: ಹಾಲಿನವನಿಗೆ ಗೊತ್ತಿಲ್ಲದ ಮನೆ ಊರಿನಲ್ಲಿ ಯಾವುದಿದೆ? ಯಾವ ಮನೆಯಲ್ಲಿ ಮಗು ಹುಟ್ಟಿತು, ಯಾವ ಮನೆಯಲ್ಲಿ ಕಾಯಿಲೆ ಇದೆ, ಯಾರ ಕೆಲಸ ಹೋಗಿ ಎರಡು ತಿಂಗಳ ಬಾಕಿ ನಿಂತಿದೆ, ಎಲ್ಲವೂ ಅವನ ಲೆಕ್ಕದ ಪುಸ್ತಕದಲ್ಲಿ ಇರುತ್ತದೆ. ಜೊತೆಗೆ ಅವನ ವ್ಯಾಪಾರ ನಿಂತಿರುವುದೇ ಊರಿನ ವ್ಯವಸ್ಥೆಯ ಮೇಲೆ. ರೈಲು ತಡವಾದರೆ ಅವನಿಗೆ ನಷ್ಟ, ರಸ್ತೆ ಹಾಳಾದರೆ ನಷ್ಟ, ನೀರು ಕೊಳೆಯಾದರೆ ನಷ್ಟ, ಆರೋಗ್ಯ ಇಲಾಖೆಯವರು ಕಣ್ಣುಮುಚ್ಚಿ ಕೂತರೂ ನಷ್ಟ, ಏಕೆಂದರೆ ನೀರು ಬೆರೆಸುವವನು ಪಕ್ಕದಲ್ಲೇ ಅಗ್ಗಕ್ಕೆ ಮಾರುತ್ತಾನೆ. ಕೆಚ್ಚಲಿನಿಂದ ಲೋಟದವರೆಗೆ ಹಾಲಿನ ದಾರಿಯನ್ನು ಇಡಿಯಾಗಿ ಕಂಡವನಿಗೆ ನಗರಸಭೆಯ ಕೆಲಸ ಹೊಸ ವಿದ್ಯೆಯಲ್ಲ.

ಹಾಗೆಂದು ಬಾರಮ್‌ನನ್ನು ದೇವರು ಮಾಡುವುದು ಬೇಡ. ಶುದ್ಧಿ ಆತನಿಗೆ ಧರ್ಮವೂ ಹೌದು, ಲಾಭವೂ ಹೌದು. ನಿಯಮ ಬಿಗಿಯಾದಷ್ಟೂ ದೊಡ್ಡ ಕಂಪನಿ ಗಟ್ಟಿಯಾಗುತ್ತದೆ, ನಾಲ್ಕು ಹಸು ಕಟ್ಟಿಕೊಂಡ ಬಡವ ಬಾಗಿಲು ಹಾಕುತ್ತಾನೆ. ಲಂಡನ್ನಿನ ಚಿಕ್ಕ ಕೊಟ್ಟಿಗೆಗಳು ಒಂದೊಂದಾಗಿ ಮುಚ್ಚಿಹೋದವು. ಮಕ್ಕಳ ಜೀವ ಉಳಿಯಿತು, ಚಿಕ್ಕವರ ಕಸುಬು ಹೋಯಿತು. ಎರಡೂ ನಡೆದದ್ದು ಒಂದೇ ಬದಲಾವಣೆಯಿಂದ.

ಬಾರಮ್‌ನ ಮಕ್ಕಳ ಕಥೆ ಇನ್ನೂ ಸ್ವಾರಸ್ಯ. ಒಬ್ಬ ಮಗ ಟೈಟಸ್ ಎಕ್ಸ್‌ಪ್ರೆಸ್ ಡೇರಿಯನ್ನು ನಡೆಸಿದ. ಇನ್ನೊಬ್ಬ ಮಗ ಆರ್ಥರ್ ಪಾಲಿಗೆ ಡೇರಿ ಸಪ್ಲೈ ಕಂಪನಿ. ಅದು ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬೇರೆ ಕಂಪನಿಗಳ ಜೊತೆ ಸೇರಿ ಯುನೈಟೆಡ್ ಡೇರೀಸ್ ಆಯಿತು. ಎಕ್ಸ್‌ಪ್ರೆಸ್‌ಗೆ ದೊಡ್ಡ ಎದುರಾಳಿಯೂ ಆಯಿತು. ಅಣ್ಣತಮ್ಮಂದಿರ ಹಾಲಿನ ಗಾಡಿಗಳು ಒಂದೇ ಬೀದಿಯಲ್ಲಿ ಪೈಪೋಟಿಗೆ ಬಿದ್ದವು.

ಟೈಟಸ್ ಇದ್ದದ್ದು ವೆಂಬ್ಲಿಯ ಸಡ್ಬರಿಯಲ್ಲಿ. ದೊಡ್ಡ ಮನೆ, ಸುತ್ತ ತೋಟ. ಊರಿನ ಆಸ್ಪತ್ರೆಗೆ ಜಾಗ ಕೊಟ್ಟವ, ಊರಿನವರಿಗೆ ಬೇಕಾದವ. 1937ರಲ್ಲಿ ವೆಂಬ್ಲಿಗೆ ಬರೋ ಪಟ್ಟ ಸಿಕ್ಕಿತು. ಮೊದಲ ಮೇಯರ್ ಟೈಟಸ್ ಬಾರಮ್ ಎಂದು ಗೊತ್ತಾಯಿತು. ಸಮಾರಂಭದ ಸಿದ್ಧತೆ ಎಲ್ಲ ಮುಗಿದಿತ್ತು. ಪಟ್ಟ ಏರಬೇಕಾದ ದಿನವೇ ಟೈಟಸ್ ತೀರಿಕೊಂಡ. ಅಪ್ಪನಿಗೆ ಸಿಕ್ಕ ಕುರ್ಚಿ ಮಗನಿಗೆ ಕೂದಲೆಳೆಯಲ್ಲಿ ತಪ್ಪಿತು. ಆದರೆ ಮನೆ ಮತ್ತು ತೋಟವನ್ನು ವೆಂಬ್ಲಿಯ ಜನರ ಸುಖಕ್ಕೆಂದು ಆತ ಬಿಟ್ಟುಹೋಗಿದ್ದ. ಮನೆಯನ್ನು ಆಮೇಲೆ ಕೆಡವಿದರು. ತೋಟ ಬಾರಮ್ ಪಾರ್ಕ್ ಆಗಿ ಉಳಿದಿದೆ. ಇವತ್ತು ವೆಂಬ್ಲಿಯೆಂದರೆ ಗುಜರಾತಿಗಳ ಊರು; ಈಲಿಂಗ್ ರೋಡಿನಲ್ಲಿ ಸೀರೆ, ಬಂಗಾರ, ಮಿಠಾಯಿ ಅಂಗಡಿಗಳ ಸಾಲು. ಆನಂದ್, ಖೇಡಾದಂಥ ಹಾಲಿನ ಸೀಮೆಯ ಭಾಷೆ ಆ ತೋಟದ ಬೆಂಚುಗಳಲ್ಲಿ ಕೇಳಿಬರುತ್ತದೆ.

ಈ ಆನಂದ್ ಹೆಸರು ಬಂದದ್ದು ಒಳ್ಳೆಯದಾಯಿತು, ಮುಂಬಯಿಗೆ ಬರೋಣ. ಎರಡನೆಯ ಮಹಾಯುದ್ಧದ ಹೊತ್ತಿಗೆ ಮುಂಬಯಿ ನಗರದೊಳಗೆ ಸಾವಿರಾರು ಎಮ್ಮೆಗಳು. ಬಾರಮ್‌ನ ತಂದೆಯ ಕಾಲದ ಲಂಡನ್ನೇ ಇಲ್ಲಿ ಮರುಕಳಿಸಿತ್ತು. 1945ರಲ್ಲಿ ಸರ್ಕಾರ ಬಾಂಬೆ ಮಿಲ್ಕ್ ಸ್ಕೀಮ್ ಹೊರಡಿಸಿತು. ಆನಂದ್‌ನಿಂದ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ರೈಲಿನಲ್ಲಿ ಹಾಲು ಬರತೊಡಗಿತು. ದಾರಾ ಖುರೋಡಿ ಎಂಬ ದಕ್ಷ ಅಧಿಕಾರಿ ಇನ್ನೊಂದು ದಾರಿ ಹಿಡಿದರು. ಎಮ್ಮೆಗಳನ್ನೇ ಊರಿನಿಂದ ಹೊರಗೆ ಸಾಗಿಸಿ, ಗೋರೆಗಾಂವ್ ಬಳಿ ಮೂರು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಆರೇ ಕಾಲನಿ ಕಟ್ಟಿದರು. ಆರಂಭ 1949ರಲ್ಲಿ, ಉದ್ಘಾಟನೆಗೆ 1951ರಲ್ಲಿ ನೆಹರೂ ಬಂದರು. 32 ಘಟಕಗಳು, ಸುಮಾರು 16 ಸಾವಿರ ಪ್ರಾಣಿಗಳಿಗೆ ಜಾಗ.

ಆನಂದ್‌ನ ಹಾಲು ಸಹಕಾರ ಸಂಘದ ವರ್ಗೀಸ್ ಕುರಿಯನ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಎಮ್ಮೆ ರೈತನ ಮನೆಯಲ್ಲೇ ಇರಬೇಕು, ಹಾಲು ಮಾತ್ರ ನಗರಕ್ಕೆ ಬರಬೇಕು ಎಂಬುದು ಅವರ ವಾದ. ಬಾರಮ್ ಮಾಡಿದ್ದೂ ಇದನ್ನೇ. ಆದರೆ ಕುರಿಯನ್ ಮತ್ತು ಆ ಸಂಘ ಕಟ್ಟಿದ ತ್ರಿಭುವನದಾಸ್ ಪಟೇಲರ ದಾರಿಯಲ್ಲಿ ಕಂಪನಿಯ ಒಡೆಯ ರೈತನೇ. ಬಾರಮ್‌ನಲ್ಲಿ ಇಲ್ಲದ ಮಾತು ಅದು. ಖುರೋಡಿಯವರಿಗೂ ಕುರಿಯನ್ನರಿಗೂ ಅಷ್ಟಕ್ಕಷ್ಟೆ. 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಮಾತ್ರ ಖುರೋಡಿ, ಕುರಿಯನ್, ಪಟೇಲ್ ಮೂವರಿಗೂ ಒಟ್ಟಿಗೆ ಬಂತು. ಪ್ರಶಸ್ತಿ ಕೊಡುವವರಿಗೂ ಹಾಸ್ಯಪ್ರಜ್ಞೆ ಇರುತ್ತದೆ.

ನಗರದಿಂದ ಹೊರಟ ಎಮ್ಮೆಗಳೆಲ್ಲ ಆರೇಯಲ್ಲಿ ಹಿಡಿಸಲಿಲ್ಲ. 1976ರಲ್ಲಿ ನಗರಗಳಲ್ಲಿ ದನ ಸಾಕುವುದಕ್ಕೆ ಅಂಕುಶ ಹಾಕುವ ಕಾಯಿದೆ ಬಂತು. ಥಾಣೆ, ಕಲ್ಯಾಣ, ಭಿವಂಡಿ, ವಸಯಿಗಳ ಅಂಚಿನಲ್ಲಿ ತಬೇಲಾಗಳು ನೆಲೆಯೂರಿದವು. ಕಲ್ಯಾಣಕ್ಕೆ ಹಾಲಿನ ವ್ಯಾಪಾರ ಹೊಸದಲ್ಲ. ಹಳೆಯ ಕಲ್ಯಾಣದಲ್ಲಿ ದೂಧ್ ನಾಕಾ ಎಂಬ ಕೇರಿಯೇ ಇದೆ. ಅಲ್ಲಿನ ಹಾಲಿನ ಪೇಟೆಯಲ್ಲಿ ಕೊಂಕಣಿ ಮುಸ್ಲಿಂ ಮನೆತನಗಳ ಕೈ ಹಳೆಯದು. ತಬೇಲಾದಲ್ಲಿ ಎಮ್ಮೆಯ ಜೊತೆಗೇ ಉಂಡು ಮಲಗುವ ಉತ್ತರಪ್ರದೇಶದ ಭಯ್ಯಾಗಳ ದುಡಿಮೆ ಅಲ್ಲಿಗೆ ಬಂದು ಸೇರುತ್ತದೆ. ಹಾಲನ್ನು ಬಲ್ಲ ವ್ಯಾಪಾರಿ ಯಂತ್ರಕ್ಕೆ ಕಾಯುವುದಿಲ್ಲ. ಬೆರಳದ್ದಿ ಹೆಬ್ಬೆರಳಿನ ಉಗುರ ಮೇಲೆ ಒಂದು ಹನಿ ಬಿಡುತ್ತಾನೆ. ಹನಿ ಗುಂಡಗೆ ನಿಂತು ನಿಧಾನ ಜಾರಿ ಹಿಂದೆ ಬಿಳಿಯ ಗೆರೆ ಬಿಟ್ಟರೆ ಮಾತು ಮುಂದುವರಿಯುತ್ತದೆ. ಉಗುರಿನಿಂದ ಸರ್ರನೆ ಇಳಿದುಹೋದರೆ ಕ್ಯಾನಿನ ಮುಚ್ಚಳ ಹಾಕುತ್ತಾನೆ, ಬಾಯಿ ತೆರೆಯುವುದಿಲ್ಲ.

ಇಂಥ ಪೇಟೆಯಲ್ಲಿ ದರಕ್ಕೂ ಪಂಚಾಂಗಕ್ಕೂ ನಂಟು. ಈದ್‌ನ ಶೀರ್‌ಖುರ್ಮಾ, ಗಣೇಶನ ಹಬ್ಬದ ಪೇಢೆ, ಕೋಜಾಗಿರಿ ಹುಣ್ಣಿಮೆಯ ಮಸಾಲಾ ದೂಧ್, ಇವು ಬಂದವೆಂದರೆ ಹಾಲು ಏರುತ್ತದೆ. ಕೋಜಾಗಿರಿಯ ರಾತ್ರಿ ಡೊಂಬಿವಲಿಯಲ್ಲಿ ಹಂಡೆಯಲ್ಲಿ ಹಾಲು ಕುದಿಯದ ತಾರಸಿ ಕಡಿಮೆ. ಮಾಮೂಲಿ ದಿನಗಳ ಕಥೆಯೂ ಸುಲಭದ್ದಲ್ಲ. ಮುಂಬಯಿಯ ಹಾಲು ಉತ್ಪಾದಕರ ಸಂಘ ನಿಗದಿಪಡಿಸುವ ಬಿಡಿ ಎಮ್ಮೆ ಹಾಲಿನ ಸಗಟು ದರ 2022ರ ಸೆಪ್ಟೆಂಬರಿನಲ್ಲಿ ಲೀಟರಿಗೆ 73 ರೂಪಾಯಿಯಿಂದ 80ಕ್ಕೆ, 2023ರ ಮಾರ್ಚಿನಲ್ಲಿ 85ಕ್ಕೆ ಏರಿತು. ಹಿಂಡಿ, ಕಡಲೆ ಹೊಟ್ಟು, ಹುಲ್ಲು ಎಲ್ಲ ದುಬಾರಿ ಎಂಬುದು ತಬೇಲಾದವರ ಮಾತು. ಸುಳ್ಳಲ್ಲ.

ನವಿ ಮುಂಬಯಿಯ ಬಗೆ ಬೇರೆ. 1970ರಲ್ಲಿ ನಗರ ಕಟ್ಟುವ ಸರ್ಕಾರಿ ನಿಗಮ ಸಿಡ್ಕೋ ಹುಟ್ಟಿ, 95 ಹಳ್ಳಿಗಳ ಜಮೀನು ಹೊಸ ನಗರಕ್ಕೆಂದು ಹೋದಾಗ ಗದ್ದೆ, ಉಪ್ಪಿನ ಆಗರದ ಜೊತೆ ದನದ ಮೇವಿನ ನೆಲವೂ ಹೋಯಿತು. ನಕ್ಷೆಯಲ್ಲಿ ಸೆಕ್ಟರುಗಳಿದ್ದವು, ನಿಲ್ದಾಣಗಳಿದ್ದವು. ಕೊಟ್ಟಿಗೆಯ ಜಾಗ ಯಾರಿಗೂ ನೆನಪಾಗಲಿಲ್ಲ. ಅಲ್ಲಿಗೆ ಹಾಲು ಟ್ಯಾಂಕರಿನಲ್ಲಿ ಬರುತ್ತದೆ. 1963ರಲ್ಲಿ ಸ್ಥಾಪನೆಯಾದ ಕೊಲ್ಹಾಪುರ ಜಿಲ್ಲಾ ಹಾಲು ಒಕ್ಕೂಟದ ಗೋಕುಲ್ ಹಾಲು ವಾಶಿಯಲ್ಲಿ ಪ್ಯಾಕೆಟ್ಟಾಗುತ್ತದೆ. ಗಡಹಿಂಗ್ಲಜ್, ಕಾಗಲ್ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾತಾಡುತ್ತ ಎಮ್ಮೆ ಕರೆಯುವವರಿದ್ದಾರೆ. ವಾಶಿಯ ಕನ್ನಡಿಗರು ಬೆಳಗ್ಗೆ ಕಾಫಿಗೆ ಸುರಿಯುವ ಪ್ಯಾಕೆಟ್ಟಿನಲ್ಲಿ ಗಡಿನಾಡಿನ ಯಾವುದೋ ಕನ್ನಡ ಮನೆಯ ಹಾಲೂ ಬೆರೆತಿರುತ್ತದೆ.

ಪ್ಯಾಕೆಟ್ ಬಂದ ಮೇಲೆ ಕಬ್ಬಿಣದ ಬಾಲದ ಹಸು ಸತ್ತಿತೆಂದು ತಿಳಿಯಬೇಡಿ. ಮುಂಬಯಿ, ಥಾಣೆಯ ಬಸ್ತಿಗಳಲ್ಲಿ ಆಹಾರ ಇಲಾಖೆಯವರೂ ಪೊಲೀಸರೂ ಮತ್ತೆ ಮತ್ತೆ ದಾಳಿ ಮಾಡಿ ಹಿಡಿದದ್ದು ಏನನ್ನು? ಹೆಸರಾಂತ ಕಂಪನಿಯ ಪ್ಯಾಕೆಟ್ಟಿನ ಮೂಲೆಯನ್ನು ಬ್ಲೇಡಿನಿಂದ ಸಣ್ಣಗೆ ಸೀಳಿ, ಹಾಲು ಬಸಿದು, ಅಷ್ಟೇ ನೀರು ತುಂಬಿ, ಮೋಂಬತ್ತಿಯ ಉರಿಗೆ ಹಿಡಿದು ಮತ್ತೆ ಅಂಟಿಸುವ ಕೈಚಳಕವನ್ನು. ನಸುಕಿನ ಎರಡು ಮೂರು ಗಂಟೆಯ ಕೆಲಸ. ಒಳ್ಳೆಯ ಅಕ್ಕಸಾಲಿಗನ ಕೈಗುಣವನ್ನು ಇಂಥದಕ್ಕೆ ಸುರಿಯುತ್ತಾರಲ್ಲ ಎಂದು ಒಮ್ಮೊಮ್ಮೆ ಬೇಜಾರಾಗುತ್ತದೆ.

ಈಗ ನಮ್ಮ ನಗರಸಭೆಗಳ ಕಡೆ ನೋಡಿ. ಕಲ್ಯಾಣದ ನಗರಪಾಲಿಕೆ 1855ರದು, ಬಾರಮ್‌ನ ಕಂಪನಿಗಿಂತ ಹಿರಿಯದು. ಥಾಣೆ 1982ರಲ್ಲಿ, ಕಲ್ಯಾಣ-ಡೊಂಬಿವಲಿ 1983ರಲ್ಲಿ, ನವಿ ಮುಂಬಯಿ 1992ರಲ್ಲಿ ಮಹಾನಗರಪಾಲಿಕೆಗಳಾದವು. ಥಾಣೆಗೆ ಮೊದಲ ಮಹಾಪೌರರಾಗಿ ಸತೀಶ ಪ್ರಧಾನ್ ಬಂದದ್ದು 1986ರಲ್ಲಿ. ಕಲ್ಯಾಣ-ಡೊಂಬಿವಲಿ ಮೊದಲ ಚುನಾವಣೆ ಕಾಣಲು 1995 ಆಗಬೇಕಾಯಿತು, ಅಲ್ಲಿಯವರೆಗೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. 2020ರಲ್ಲಿ ಅವಧಿ ಮುಗಿದ ಮೇಲೂ ವರ್ಷಗಟ್ಟಲೆ ಮಹಾಪೌರರಿಲ್ಲದೆ ದಿನ ದೂಡಿದೆವು. ಮಹಾಪೌರರು ಇದ್ದಾಗಲೂ ಅವಧಿ ಎರಡೂವರೆ ವರ್ಷ. ಸಭೆಯ ಅಧ್ಯಕ್ಷತೆ, ಕಾರಿಗೆ ಕೆಂಪು ದೀಪವಿದ್ದ ಕಾಲದ ಠೀವಿ ಅವರದು; ಕಾರ್ಯಾಧಿಕಾರ ಆಯುಕ್ತರದು; ಹಣದ ಕೀಲಿಕೈ ಸ್ಥಾಯಿ ಸಮಿತಿಯದು. ಹ್ಯಾಂಪ್‌ಸ್ಟೆಡ್‌ನ ಮೇಯರಿಗೂ ಅಧಿಕಾರ ಹೆಚ್ಚೇನಿರಲಿಲ್ಲ ಎಂಬುದು ಸಮಾಧಾನ.

ಪಾಲಿಕೆಯ ಕಣ್ಣಿಗೆ ತಬೇಲಾ ಎಂದರೆ ಒಂದು ತಂಟೆ. ಅದರಲ್ಲಿ ತಪ್ಪಿಲ್ಲ. ಒಂದು ಎಮ್ಮೆ ದಿನಕ್ಕೆ 15ರಿಂದ 20 ಕಿಲೋ ಸೆಗಣಿ ಹಾಕುತ್ತದೆ. ಐನೂರು ಎಮ್ಮೆಗಳಿದ್ದರೆ ಎಂಟು ಹತ್ತು ಟನ್ನು. ಗಂಜಲ ಮತ್ತು ತೊಳೆದ ನೀರು ಸೇರಿ ನಾಲೆಗೆ, ನಾಲೆಯಿಂದ ಉಲ್ಹಾಸ ನದಿಗೆ, ಖಾಡಿಗೆ. ಸೊಳ್ಳೆ, ನಾತ, ಸುತ್ತ ಎದ್ದ ಹೊಸ ಟವರಿನವರ ದೂರು. ಕಲ್ಯಾಣ-ಡೊಂಬಿವಲಿಯ 27 ಹಳ್ಳಿಗಳ ಅವಸ್ಥೆಯಂತೂ ಹೇಳತೀರದು: 1983ರಲ್ಲಿ ಪಾಲಿಕೆಗೆ ಸೇರಿಸಿದರು, 2002ರಲ್ಲಿ ಹೊರಗಿಟ್ಟರು, 2015ರಲ್ಲಿ ಮತ್ತೆ ಒಳಗೆ ಕರೆದರು. ಎಮ್ಮೆ ಕಟ್ಟಿದ ಗೂಟ ಇದ್ದಲ್ಲೇ ಇತ್ತು. ಹಳ್ಳಿಯ ಎಮ್ಮೆ ನಗರದ ಎಮ್ಮೆಯಾಯಿತು, ಮತ್ತೆ ಹಳ್ಳಿಯದಾಯಿತು, ಮತ್ತೆ ನಗರದ್ದಾಯಿತು.

ನನ್ನ ತಕರಾರು ಇರುವುದು ಬೇರೆ ಕಡೆ. ನಮ್ಮಲ್ಲಿ ಹಾಲಿನ ದಾರಿಯನ್ನು ಇಡಿಯಾಗಿ ನೋಡುವವರು ಒಬ್ಬರೂ ಇಲ್ಲ. ಸೆಗಣಿ ಪಾಲಿಕೆಯ ಪಾಲಿಗೆ. ಹಾಲಿನ ಶುದ್ಧಿ ರಾಜ್ಯದ ಆಹಾರ ಮತ್ತು ಔಷಧ ಇಲಾಖೆಗೆ. ಲಗೇಜ್ ಡಬ್ಬಿ ರೈಲ್ವೆಗೆ. ದರ ಸಂಘಕ್ಕೆ. ಎಮ್ಮೆಯ ರೋಗ ಪಶುಸಂಗೋಪನೆಗೆ. ಒಬ್ಬೊಬ್ಬರೂ ತಮ್ಮ ತುಂಡನ್ನು ಹಿಡಿದು ಕೂತಿದ್ದಾರೆ, ಪಾಲಿಕೆಯ ಸಭಾಗೃಹಕ್ಕೆ ಹಾಲಿನವನು ಬರುವುದು ನೋಟಿಸು ಹಿಡಿದ ಆರೋಪಿಯಾಗಿ. ಲೈಸೆನ್ಸಿಗೆ ಸಹಿ ಬೇಕು, ದಂಡಕ್ಕೆ ರಿಯಾಯಿತಿ ಬೇಕು, ಮುಗಿಯಿತು. ಈ ಊರುಗಳು ಏನು ಕುಡಿಯುತ್ತವೆ, ಎಲ್ಲಿಂದ ಕುಡಿಯುತ್ತವೆ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿದೆ ಎಂದು ಯಾರೂ ಅವನನ್ನು ಕುರ್ಚಿ ಹಾಕಿ ಕೂರಿಸುವುದಿಲ್ಲ. ಜಮೀನು ಬಲ್ಲವರು, ಕಟ್ಟಡ ಬಲ್ಲವರು, ಕೇಬಲ್ ಬಲ್ಲವರು ನಗರ ರಾಜಕಾರಣದಲ್ಲಿ ಸಲೀಸಾಗಿ ಮೇಲೆ ಬರುತ್ತಾರೆ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಇಡೀ ಊರು ಸುತ್ತುವವನ ತಿಳಿವಳಿಕೆ ಆ ರಾಜಕಾರಣಕ್ಕೆ ಬೇಡವಾಗಿದೆ.

ತಬೇಲಾಗಳು ಊರೊಳಗೇ ಇರಲಿ ಎಂದು ನಾನು ವಾದಿಸುತ್ತಿಲ್ಲ. ಬಾರಮ್ ತೋರಿಸಿದ ದಾರಿಯೂ ಅದಲ್ಲ, ಕುರಿಯನ್ನರದೂ ಅಲ್ಲ. ಹೊರಗೆ ಕಳಿಸುವುದಾದರೆ ಮೇವು, ನೀರು, ಸೆಗಣಿಗೆ ಗೋಬರ್ ಗ್ಯಾಸ್ ಘಟಕ, ಹಾಲು ತಣಿಸುವ ವ್ಯವಸ್ಥೆ ಮತ್ತು ಸರಿಯಾದ ಹೊತ್ತಿಗೆ ಒಂದು ವಾಹನ, ಇವನ್ನು ಮೊದಲು ಸಿದ್ಧಮಾಡಿ ಆಮೇಲೆ ಕಳಿಸಬೇಕು. ಮುಂಬಯಿಯ ತಬೇಲಾಗಳನ್ನು ಪಾಲ್ಘರ್ ಜಿಲ್ಲೆಯ ದಾಪಚರಿಗೆ ಕಳಿಸುವ ಮಾತು ಎಷ್ಟು ವರ್ಷದಿಂದ ನಡೆದಿದೆ! ಉಚ್ಚ ನ್ಯಾಯಾಲಯವೂ ಹೇಳಿದ್ದಾಯಿತು. ಎಮ್ಮೆಗಳು ಇನ್ನೂ ನಗರದಲ್ಲೇ ಇವೆ. ಹೋಗುವವನನ್ನು ಕೇಳದೆ ಹೋಗುವ ಜಾಗ ಗೊತ್ತುಮಾಡಿದರೆ ಹೀಗೆಯೇ ಆಗುತ್ತದೆ.

ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಲ್ಲಿರುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ಹಾಲಿನ ಮಟ್ಟಿಗೆ ನಾವು ಸಣ್ಣ ಗಿರಾಕಿಗಳಲ್ಲ. ನಮ್ಮ ಹೋಟೆಲುಗಳ ಕಾಫಿ, ಚಹಾ, ಮೊಸರಿಗೆ ದಿನವೂ ಹೋಗುವ ಹಾಲಿನ ಲೆಕ್ಕ ಹಾಕಿದರೆ ನಮ್ಮ ಮಾತಿಗೆ ತೂಕವಿದೆ. ನಗರಸೇವಕರು ಬಾಗಿಲಿಗೆ ಬಂದಾಗ ರಸ್ತೆ, ನೀರು, ಪಾರ್ಕಿಂಗ್ ಜೊತೆಗೆ ಎರಡು ಪ್ರಶ್ನೆ ಸೇರಿಸಿ ಕೇಳಿ: ನಮ್ಮ ವಾರ್ಡಿಗೆ ಬರುವ ಬಿಡಿ ಹಾಲನ್ನು ಕಡೆಯ ಸಲ ಯಾರು, ಯಾವಾಗ ಪರೀಕ್ಷಿಸಿದರು? ನಮ್ಮ ಊರಿನ ತಬೇಲಾಗಳ ಸೆಗಣಿ ಯಾವ ನಾಲೆಗೆ ಸೇರುತ್ತದೆ? ಉತ್ತರ ಗೊತ್ತಿಲ್ಲವೆಂದರೆ, ಗೊತ್ತಿರುವ ಹಾಲಿನವನೊಬ್ಬನನ್ನು ಮುಂದಿನ ವಾರ್ಡ್ ಸಭೆಗೆ ಕರೆಸಿ ಮಾತಾಡಿಸಲು ಹೇಳಿ. ಖಾಲಿ ಪ್ಯಾಕೆಟ್ಟನ್ನು ಕಸಕ್ಕೆ ಹಾಕುವ ಮುಂಚೆ ನಡುವೆ ಸೀಳಿಬಿಡಿ, ಮತ್ತೆ ತುಂಬುವವರ ಕೈಗೆ ಅದು ಹಾಗೆಯೇ ಸಿಗದಿರಲಿ.